ಬೆಸುಗೆಯ ಆಯ್ಕೆ: ಮುಂಬಯಿಯ ಉಪ್ಪುಗಾಳಿಯಲ್ಲಿ ಬಾಳುವ ಲೋಹದ ದುರಸ್ತಿ

ಮುಂಬಯಿಯಲ್ಲಿ ಮಳೆಗಾಲ ಕಳೆದು ಅಕ್ಟೋಬರ್ ತಿಂಗಳ ಬಿಸಿಲು ಕಾಣಿಸಿಕೊಂಡೊಡನೆ ಗಲ್ಲಿಗಲ್ಲಿಗಳಲ್ಲಿ ಬೆಸುಗೆಯ ನೀಲಿ ಬೆಳಕು ಮಿನುಗತೊಡಗುತ್ತದೆ. ನಾಲ್ಕು ತಿಂಗಳ ಮಳೆ ಮತ್ತು ಸಮುದ್ರದ ಉಪ್ಪುಗಾಳಿಗೆ ಸಿಕ್ಕಿದ ಕಿಟಕಿಯ ಗ್ರಿಲ್ಲು, ಮಹಡಿಯ ಮೆಟ್ಟಿಲು, ನೀರಿನ ತೊಟ್ಟಿಯ ಆಧಾರ, ಕಟ್ಟಡದ ಹೆಬ್ಬಾಗಿಲು ಇವೆಲ್ಲ ದುರಸ್ತಿಗೆ ಬರುವ ಕಾಲ ಅದು. ಆಗ ಒಂದು ಸಂಗತಿಯನ್ನು ಅನೇಕರು ಕಂಡಿರುತ್ತಾರೆ. ಹಿಂದಿನ ವರ್ಷ ಬೆಸುಗೆ ಹಾಕಿಸಿದ ಸರಳು ಮತ್ತೆ ಮುರಿದಿರುತ್ತದೆ. ಆದರೆ ಬೆಸುಗೆ ಹಾಕಿದ ಜಾಗದಲ್ಲಲ್ಲ, ಅದರ ಪಕ್ಕದಲ್ಲಿ, ಅರ್ಧ ಅಂಗುಲದ ಆಚೆಗೆ. ಬೆಸುಗೆಯ ಗಂಟು ಗಟ್ಟಿಯಾಗಿಯೇ ಉಳಿದಿರುತ್ತದೆ. ಬೆಸುಗೆಗಾರನು ಅದನ್ನೇ ತೋರಿಸಿ ತನ್ನ ಕೆಲಸದಲ್ಲಿ ದೋಷವಿಲ್ಲವೆಂದು ಹೇಳುತ್ತಾನೆ. ಅವನ ಮಾತು ಅರ್ಧ ಸತ್ಯ. ಗಂಟು ಗಟ್ಟಿಯಾಗಿದೆ ಎಂಬುದು ನಿಜ. ಆದರೆ ಮೂರನೆಯ ಮಹಡಿಯ ಗ್ರಿಲ್ಲಿಗೆ ಒರಗಿ ನಿಂತ ಮಗುವಿನ ಭಾರವನ್ನು ಹೊರಬೇಕಾದುದು ಗಂಟಲ್ಲ, ಇಡೀ ಸರಳು.

ದುರಸ್ತಿ ಕೆಡುವುದಕ್ಕೆ ಕೈಚಳಕದ ಕೊರತೆ ಒಂದು ಕಾರಣವಾದರೆ, ಆಯ್ಕೆಯ ತಪ್ಪು ಅದಕ್ಕಿಂತ ದೊಡ್ಡ ಕಾರಣ. ಮುರಿದ ವಸ್ತು ಯಾವ ಲೋಹದ್ದು, ಅದು ಹೊರುವ ಭಾರ ಎಂಥದು, ದುರಸ್ತಿಯಾದ ಮೇಲೆ ಅದು ಯಾವ ಹವೆಯಲ್ಲಿ ಇರಬೇಕು ಎಂಬುದನ್ನು ವಿಚಾರಿಸದೆ, ಕೈಗೆ ಸಿಕ್ಕ ಯಂತ್ರದಿಂದ ಕೈಗೆ ಸಿಕ್ಕ ಕಡ್ಡಿಯನ್ನು ಉರಿಸುವುದು ಸಾಮಾನ್ಯ ರೂಢಿಯಾಗಿದೆ. ಲೋಹವನ್ನು ಗುರುತಿಸಿದ ಬಳಿಕವೇ ವಿಧಾನವನ್ನು ಆರಿಸಬೇಕು. ಈ ಕ್ರಮ ತಲೆಕೆಳಗಾದರೆ ಎಷ್ಟೇ ನಿಪುಣನಾದ ಬೆಸುಗೆಗಾರನೂ ಬಾಳಿಕೆಯ ಕೆಲಸವನ್ನು ಕೊಡಲಾರ.

ಬೆಸುಗೆಯಲ್ಲಿ ನಡೆಯುವುದೇನು?

ಎರಡು ಲೋಹದ ಅಂಚುಗಳನ್ನು ಕರಗಿಸಿ, ಅಗತ್ಯವಿದ್ದರೆ ಪೂರಕ ಲೋಹವನ್ನು ಸೇರಿಸಿ, ಒಂದಾಗಿ ಗಟ್ಟಿಗೊಳ್ಳುವಂತೆ ಮಾಡುವುದೇ ಬೆಸುಗೆ. ಉಕ್ಕು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಆಮ್ಲಜನಕ ಮತ್ತು ಅಸಿಟಿಲೀನ್ ಅನಿಲಗಳ ಜ್ವಾಲೆ 3,000 ಡಿಗ್ರಿಯನ್ನು ಮೀರುತ್ತದೆ. ವಿದ್ಯುತ್ ಚಾಪದ ಉಷ್ಣತೆ ಅದಕ್ಕಿಂತಲೂ ಬಹಳ ಹೆಚ್ಚು. ಕರಗಿದ ಭಾಗಕ್ಕೆ ಹೊಂದಿಕೊಂಡಂತೆ, ಕರಗದೆ ಇದ್ದರೂ ಕೆಂಪಗೆ ಕಾದು ತಣಿದ ಒಂದು ಪಟ್ಟಿ ಇರುತ್ತದೆ. ಇದನ್ನು ಉಷ್ಣಪ್ರಭಾವಿತ ವಲಯವೆಂದು ಕರೆಯುತ್ತಾರೆ. ಕಣ್ಣಿಗೆ ಇಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಲೋಹದ ಒಳರಚನೆ ಇಲ್ಲಿ ಬದಲಾಗಿರುತ್ತದೆ. ಇಂಗಾಲದ ಅಂಶ ಹೆಚ್ಚಿರುವ ಉಕ್ಕು ಬೇಗನೆ ತಣಿದರೆ ಗಾಜಿನಂತೆ ಪೆಡಸಾಗುತ್ತದೆ. ಕಮ್ಮಾರನು ಕೆಂಪಗೆ ಕಾದ ಕುಡುಗೋಲನ್ನು ನೀರಿನಲ್ಲಿ ಅದ್ದಿ ಹದ ಹಾಕುವಾಗ ಬೇಕೆಂದೇ ಮಾಡುವುದು ಇದನ್ನೇ. ಬೆಸುಗೆಯಲ್ಲಿ ಸುತ್ತಲಿನ ತಣ್ಣನೆಯ ಲೋಹವೇ ಆ ನೀರಿನ ಕೆಲಸವನ್ನು ಮಾಡಿಬಿಡುತ್ತದೆ. ಬೆಸುಗೆಯ ಪಕ್ಕದಲ್ಲಿ ಸರಳು ಮುರಿಯುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಇದರ ಜೊತೆಗೆ ಬೆಸುಗೆಯ ಅಂಚಿನಲ್ಲಿ ಕೊರೆದಂತೆ ಉಳಿಯುವ ಸಣ್ಣ ತೋಡು, ಬೆಂಕಿಗೆ ಸುಟ್ಟುಹೋದ ಬಣ್ಣ, ಅಲ್ಲಿಂದ ಒಳನುಗ್ಗುವ ತುಕ್ಕು ಇವು ಸೇರಿಕೊಳ್ಳುತ್ತವೆ.

ಲೋಹವನ್ನು ಗುರುತಿಸುವ ಬಗೆ

ಪ್ರಯೋಗಾಲಯವಿಲ್ಲದೆಯೂ ಸಾಮಾನ್ಯ ಲೋಹಗಳನ್ನು ಗುರುತಿಸಬಹುದು. ಮುರಿದ ಮೈಯನ್ನು ಮೊದಲು ನೋಡಬೇಕು. ಎರಕದ ಕಬ್ಬಿಣ, ಅಂದರೆ ಜನರು ಬೀಡು ಎನ್ನುವ ಲೋಹ, ಮುರಿದಲ್ಲಿ ಬೂದುಬಣ್ಣದ ಹರಳುಹರಳಾಗಿ ಕಾಣುತ್ತದೆ; ಉಜ್ಜಿದರೆ ಪೆನ್ಸಿಲಿನ ಸೀಸದಂತೆ ಬೆರಳಿಗೆ ಕಪ್ಪು ಹತ್ತುತ್ತದೆ. ಚಾಣದಿಂದ ಕೆತ್ತಿದರೆ ಚೂರುಚೂರಾಗಿ ಉದುರುತ್ತದೆ. ಕಡಿಮೆ ಇಂಗಾಲದ ಉಕ್ಕು, ಅಂಗಡಿಯವರ ಮಾತಿನಲ್ಲಿ ಎಂ.ಎಸ್., ಮುರಿಯುವ ಮುನ್ನ ಬಾಗುತ್ತದೆ. ಚಾಣದ ತುದಿಯಲ್ಲಿ ಉದ್ದನೆಯ ಸುರುಳಿಯಾಗಿ ಏಳುತ್ತದೆ. ಹಳೆಯ ಮೆದು ಕಬ್ಬಿಣ ಮುರಿದಲ್ಲಿ ಮರದಂತೆ ನಾರುನಾರಾಗಿ ಕಾಣುತ್ತದೆ.

ಎರಡನೆಯದು ಕಿಡಿಯ ಪರೀಕ್ಷೆ. ಲೋಹವನ್ನು ಸಾಣೆಯಂತ್ರಕ್ಕೆ ಒತ್ತಿದಾಗ ಎಂ.ಎಸ್. ಉದ್ದನೆಯ, ನೇರವಾದ, ಕವಲು ಕಡಿಮೆಯಿರುವ ಕಿಡಿಗಳನ್ನು ಎಸೆಯುತ್ತದೆ. ಇಂಗಾಲ ಹೆಚ್ಚಾದಂತೆ ಕಿಡಿಗಳು ಹೂಬಾಣದಂತೆ ಸಿಡಿದು ಕವಲೊಡೆಯುತ್ತವೆ. ಎರಕದ ಕಬ್ಬಿಣದ ಕಿಡಿಗಳು ಗಿಡ್ಡ, ಬಣ್ಣ ಮಂಕಾದ ಕೆಂಪು. ಅಯಸ್ಕಾಂತವು ಮೂರನೆಯ ಸಾಧನ: ಅಡುಗೆಮನೆಯ ಉತ್ತಮ ಸ್ಟೀಲು, ಅಂದರೆ ನಿಕ್ಕಲ್ ಬೆರೆತ ತುಕ್ಕುರಹಿತ ಉಕ್ಕು, ಅದಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ ಬಗೆಗಳೂ ಅಂಟುವುದಿಲ್ಲವಾದ್ದರಿಂದ ಇದೊಂದನ್ನೇ ನಂಬಬಾರದು.

ಮುಂಬಯಿಯಲ್ಲಿ ಈ ಪರೀಕ್ಷೆಗಳಿಗೆ ಹೆಚ್ಚಿನ ಮಹತ್ವವಿದೆ. ರೇ ರೋಡ್ ಬಳಿಯ ದಾರುಖಾನಾದಲ್ಲಿ ಹಳೆಯ ಹಡಗುಗಳನ್ನು ಒಡೆದು ತೆಗೆದ ಉಕ್ಕು ದಶಕಗಳಿಂದ ಮಾರಾಟವಾಗುತ್ತಾ ಬಂದಿದೆ. ಗುಜರಿ ಪೇಟೆಯಿಂದ ತಂದ ಫಲಕ ಅಥವಾ ಸರಳು ನೋಡಲು ಒಂದೇ ಬಗೆಯಾಗಿದ್ದರೂ ಒಂದರಲ್ಲಿ ಇಂಗಾಲ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಇರಬಹುದು. ಹೊಸ ಫಲಕವನ್ನು ಕೊಳ್ಳುವಾಗ ಭಾರತೀಯ ಮಾನಕ 2062ಕ್ಕೆ ಅನುಗುಣವಾದುದೇ ಎಂದು ಕೇಳಬಹುದು. ಗುಜರಿಯ ಫಲಕದ ಪೂರ್ವಾಪರವನ್ನು ಹೇಳುವುದು ಕಿಡಿ ಮಾತ್ರ.

ಗ್ರಿಲ್ಲು, ಬಾಗಿಲು, ಮೆಟ್ಟಿಲು

ಮನೆಗಳಲ್ಲಿ ಕಾಣುವ ಬಹುಪಾಲು ಕಬ್ಬಿಣದ ಕೆಲಸ ಎಂ.ಎಸ್.ನದು. ಅದೃಷ್ಟವಶಾತ್ ಬೆಸುಗೆಗೆ ಇಷ್ಟು ಒಗ್ಗುವ ಲೋಹ ಬೇರೊಂದಿಲ್ಲ. ಇದಕ್ಕೆ ಲೇಪನವಿರುವ ಕಡ್ಡಿಯನ್ನು ಬಳಸುವ ವಿದ್ಯುತ್ ಚಾಪ ಬೆಸುಗೆಯೇ ಯೋಗ್ಯ. ಕಡ್ಡಿಯ ಮೇಲಿನ ಲೇಪನವು ಉರಿದು ಅನಿಲವಾಗಿ ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಉಳಿದದ್ದು ಕಿಟ್ಟವಾಗಿ ಮೇಲೆ ಹೆಪ್ಪುಗಟ್ಟುತ್ತದೆ. ರಕ್ಷಣೆ ಕಡ್ಡಿಯಲ್ಲಿಯೇ ಇರುವುದರಿಂದ ತೆರೆದ ಗಚ್ಚಿಯ ಮೇಲೂ, ಗಾಳಿಯಲ್ಲೂ ಕೆಲಸ ಸಾಗುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹಾಯಿಸಿ ತಂತಿಯನ್ನು ಎಡೆಬಿಡದೆ ಊಡಿಸುವ ವಿಧಾನವು ಕಾರ್ಖಾನೆಯ ಒಳಗೆ ಬಹಳ ವೇಗದ್ದು, ಸ್ವಚ್ಛವಾದದ್ದು. ಅದನ್ನೇ ವರ್ಸೋವಾ ಅಥವಾ ವರಳಿಯ ಕಡಲ ಮುಂದಿನ ಬಾಲ್ಕನಿಗೆ ಒಯ್ದರೆ ಗಾಳಿಯು ಅನಿಲದ ಹೊದಿಕೆಯನ್ನು ಹೊತ್ತೊಯ್ದು, ಬೆಸುಗೆಯ ಒಳಗೆ ಜೇನುಗೂಡಿನಂತೆ ರಂಧ್ರಗಳಾಗುತ್ತವೆ. ಯಂತ್ರ ಹೊಸದು ಎಂಬ ಕಾರಣಕ್ಕೆ ವಿಧಾನ ಉತ್ತಮವಾಗುವುದಿಲ್ಲ.

ಕಡ್ಡಿಯಲ್ಲಿಯೂ ಆಯ್ಕೆಯಿದೆ. ಅಂಗಡಿಗಳಲ್ಲಿ 6013 ಎಂಬ ಸಂಖ್ಯೆಯ ಕಡ್ಡಿ ಎಲ್ಲೆಡೆ ದೊರೆಯುತ್ತದೆ. ಈ ಅಮೆರಿಕದ ಪದ್ಧತಿಯ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ಬೆಸುಗೆಯ ಲೋಹ ತಡೆಯುವ ಎಳೆತವನ್ನು, ಅಂದರೆ ಚದರ ಅಂಗುಲಕ್ಕೆ 60,000 ಪೌಂಡುಗಳನ್ನು ಸೂಚಿಸುತ್ತವೆ. ನಮ್ಮ ದೇಶದಲ್ಲಿ ಇಂತಹ ಕಡ್ಡಿಗಳ ಲಕ್ಷಣಗಳನ್ನು ಭಾರತೀಯ ಮಾನಕ 814 ನಿಗದಿಪಡಿಸುತ್ತದೆ. ಗ್ರಿಲ್ಲು, ಬೇಲಿ, ಕಪಾಟು ಇವುಗಳಿಗೆ 6013 ಸಾಕು. ತೊಟ್ಟಿಯ ಆಧಾರ, ಜೋಲುವ ಬಾಲ್ಕನಿಯ ಬ್ರಾಕೆಟ್ಟು, ಮೆಟ್ಟಿಲಿನ ತೊಲೆ ಮುಂತಾದ ಭಾರ ಹೊರುವ ದಪ್ಪ ಭಾಗಗಳಿಗೆ 7018 ಎಂಬ, ಜಲಜನಕದ ಅಂಶ ಕಡಿಮೆಯಿರುವ ಕಡ್ಡಿ ಉತ್ತಮ. ಆದರೆ ಈ ಕಡ್ಡಿಗೆ ಮುಂಬಯಿಯ ಹವೆಯೇ ಶತ್ರು. ಇದರ ಲೇಪನ ಗಾಳಿಯ ತೇವವನ್ನು ಹೀರುತ್ತದೆ. ಆ ತೇವದಿಂದ ಹೊರಟ ಜಲಜನಕ ಕಾದ ಉಕ್ಕಿನೊಳಗೆ ಸೇರಿ, ತಣಿದ ಮೇಲೆ, ಕೆಲವೊಮ್ಮೆ ಮರುದಿನ, ಬೆಸುಗೆಯ ಅಡಿಯಲ್ಲಿ ಬಿರುಕು ಬಿಡಿಸುತ್ತದೆ. ಹೀಗಾಗಿ ಪೊಟ್ಟಣ ಒಡೆದ 7018 ಕಡ್ಡಿಗಳನ್ನು ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 300 ಡಿಗ್ರಿಗೂ ಮೇಲ್ಪಟ್ಟ ಒಲೆಯಲ್ಲಿ, ಒಣಗಿಸಿ ಬಿಸಿಯಾಗಿರುವಾಗಲೇ ಬಳಸಬೇಕು. ಜುಲೈ ತಿಂಗಳಲ್ಲಿ ಅಂಗಡಿಯ ಬಾಗಿಲಲ್ಲಿ ತೆರೆದಿಟ್ಟ ಕಡ್ಡಿಯಿಂದ ಭಾರ ಹೊರುವ ಕೆಲಸ ಮಾಡಿಸುವುದಕ್ಕಿಂತ ಕಾಯುವುದೇ ಮೇಲು.

ಉಪ್ಪುಗಾಳಿಯ ಊರಿನಲ್ಲಿ ಬೆಸುಗೆ ಎಲ್ಲಿಯೂ ಬಾಯಿ ಬಿಟ್ಟಿರಬಾರದು. ಒಂದು ಅಂಗುಲ ಬೆಸುಗೆ, ಎರಡು ಅಂಗುಲ ಖಾಲಿ, ಮತ್ತೆ ಒಂದು ಅಂಗುಲ ಬೆಸುಗೆ, ಹೀಗೆ ಬಿಟ್ಟುಬಿಟ್ಟು ಹಾಕುವುದು ಒಣ ಪ್ರದೇಶದಲ್ಲಿ ನಡೆಯುತ್ತದೆ. ಬಲದ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಮುಂಬಯಿಯಲ್ಲಿ ಆ ಖಾಲಿ ಜಾಗದ ಸಂದಿಗೆ ಉಪ್ಪುನೀರು ಇಳಿದು ಒಣಗದೆ ನಿಲ್ಲುತ್ತದೆ. ಬಣ್ಣದ ಕುಂಚ ಅಲ್ಲಿಗೆ ತಲುಪುವುದಿಲ್ಲ. ಒಳಗೆ ಬೆಳೆದ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಫಲಕಗಳನ್ನೇ ದೂರ ತಳ್ಳಿ ಬೆಸುಗೆಯನ್ನು ಹರಿಯುತ್ತದೆ. ಆದುದರಿಂದ ಮನೆಯ ಹೊರಗಿನ ಕೆಲಸದಲ್ಲಿ ಸಂದಿಯ ಸುತ್ತ ತುಂಡಿಲ್ಲದಂತೆ ಬೆಸುಗೆಯನ್ನು ಮುಚ್ಚಿಸಬೇಕು. ಕಿಟ್ಟವನ್ನು ಪೂರ್ತಿಯಾಗಿ ಕೆತ್ತಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಅಥವಾ ಸತುವಿನ ಅಂಶವಿರುವ ಬಣ್ಣವನ್ನು ಬಳಿಯಬೇಕು. ಕಿಟ್ಟದ ಮೇಲೆ ಬಳಿದ ಬಣ್ಣ ಮೊದಲ ಮಳೆಗೇ ಪದರವಾಗಿ ಏಳುತ್ತದೆ.

ತುಕ್ಕು ತಿಂದು ಕಾಗದದಂತೆ ತೆಳುವಾದ ಸರಳಿಗೆ ಯಾವ ವಿಧಾನವೂ ಹಿಡಿಯುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ ಗಟ್ಟಿ ಸದ್ದು ಬರುವ ತನಕ ಕೊಯ್ದು ತೆಗೆದು, ಅಲ್ಲಿಂದ ಹೊಸ ತುಂಡನ್ನು ಕೂಡಿಸಬೇಕು. ಒಂದೂವರೆ ಮಿಲಿಮೀಟರಿಗಿಂತ ತೆಳುವಾದ ತಗಡಿಗೆ ಚಾಪದ ಬದಲು ಅನಿಲ ಜ್ವಾಲೆಯ ನಿಧಾನವಾದ ಕಾವು ಅನುಕೂಲ. ಇಲ್ಲವಾದರೆ ತಗಡು ತೂತು ಬೀಳುತ್ತದೆ. ಹೆಚ್ಚು ಕಡ್ಡಿ ಸುರಿದಷ್ಟೂ ಕೀಲು ಗಟ್ಟಿ ಎಂಬ ನಂಬಿಕೆ ಮಾತ್ರ ಗಿರಾಕಿಗಳಲ್ಲೂ ಬೆಸುಗೆಗಾರರಲ್ಲೂ ಸಮನಾಗಿ ಬೇರೂರಿದೆ. ಅದಕ್ಕೆ ಆಧಾರವಿಲ್ಲ. ಗುಡ್ಡೆಯಾದ ಬೆಸುಗೆಯ ಬುಡದಲ್ಲಿ ಎಳೆತ ಒಟ್ಟುಗೂಡಿ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಬೀಡಿನ ಕಂಬಗಳು

ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳು ಎಂ.ಎಸ್. ಕಾಲಕ್ಕೆ ಮೊದಲಿನವು. ಕಾಲಾಘೋಡಾದ ವ್ಯಾಟ್ಸನ್ ಹೋಟೆಲ್, ಇಂದಿನ ಎಸ್‌ಪ್ಲನೇಡ್ ಮ್ಯಾನ್ಷನ್, 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕಹೊಯ್ದ ಕಬ್ಬಿಣದ ಕಂಬ-ತೊಲೆಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶಿತವಾದದ್ದು ಇಲ್ಲಿಯೇ. ಬೀಡಿನ ಕಂಬ, ಸುರುಳಿ ಮೆಟ್ಟಿಲು, ಹೂಬಳ್ಳಿಯ ಕಟಕಟೆ ಇಂಥವು ಆ ಕಾಲದ ಇನ್ನೂ ಅನೇಕ ಮನೆಗಳಲ್ಲಿ ಕಾಣಸಿಗುತ್ತವೆ.

ಎರಕದ ಕಬ್ಬಿಣದಲ್ಲಿ ಇಂಗಾಲ ಶೇಕಡಾ 2ರಿಂದ 4ರವರೆಗೆ ಇರುತ್ತದೆ, ಎಂ.ಎಸ್.ನಲ್ಲಿ ಅದು ಶೇಕಡಾ ಕಾಲು ಭಾಗವನ್ನೂ ಮೀರುವುದಿಲ್ಲ. ಮೇಲಿನಿಂದ ಬಿದ್ದ ಒತ್ತಡವನ್ನು ಬೀಡು ಬಹಳ ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯಲಾರದು. ಎಂ.ಎಸ್. ಕಡ್ಡಿಯಿಂದ ಇದಕ್ಕೆ ಬೆಸುಗೆ ಹಾಕಿದರೆ ಬೆಸುಗೆಯ ಅಂಚು ಒಡನೆಯೇ ಗಡಸಾಗುತ್ತದೆ, ತಣಿಯುವಾಗ ಬೆಸುಗೆ ಕುಗ್ಗುತ್ತದೆ, ಕುಗ್ಗುವ ಎಳೆತಕ್ಕೆ ಬೀಡು ಟಿಕ್ಕೆಂದು ಸದ್ದು ಮಾಡಿ ಸೀಳುತ್ತದೆ. ಅನುಭವಿ ಬೆಸುಗೆಗಾರರಿಗೆ ಈ ಸದ್ದಿನ ಪರಿಚಯ ಚೆನ್ನಾಗಿ ಇರುತ್ತದೆ.

ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಇಡೀ ವಸ್ತುವನ್ನು 500-600 ಡಿಗ್ರಿಗಳಿಗೆ ಕಾಯಿಸಿ, ಬೀಡಿನದೇ ಪೂರಕ ಕಡ್ಡಿಯಿಂದ ಅನಿಲ ಜ್ವಾಲೆಯಲ್ಲಿ ಬೆಸೆದು, ಒಣ ಬೂದಿ ಅಥವಾ ಸುಣ್ಣದ ಪುಡಿಯಲ್ಲಿ ಹೂತು ಒಂದು ದಿನ ನಿಧಾನವಾಗಿ ತಣಿಸುವುದು. ಪಂಪಿನ ಕವಚ, ಯಂತ್ರದ ಹಲ್ಲುಚಕ್ರ ಇವುಗಳಿಗೆ ಇದು ಸಾಧ್ಯ, ಗೋಡೆಯಲ್ಲಿ ನಿಂತ ಕಂಬಕ್ಕೆ ಅಸಾಧ್ಯ. ಎರಡನೆಯದು ನಿಕ್ಕಲ್ ಕಡ್ಡಿ. ನಿಕ್ಕಲ್ ಮೆದುವಾಗಿ ಉಳಿದು ಎಳೆತಕ್ಕೆ ತಾನೇ ಹಿಗ್ಗುತ್ತದೆ. ಒಂದು ಸಲಕ್ಕೆ ಒಂದು ಅಂಗುಲದಷ್ಟೇ ಹಾಕಿ, ಬಿಸಿಯಿರುವಾಗಲೇ ಸುತ್ತಿಗೆಯ ದುಂಡುತಲೆಯಿಂದ ಮೆಲ್ಲಗೆ ಬಡಿದು, ಅಂಗೈ ಇಡುವಷ್ಟು ತಣಿದ ಮೇಲೆ ಮುಂದಿನ ಅಂಗುಲಕ್ಕೆ ಹೋಗಬೇಕು. ಬಿರುಕಿನ ಎರಡು ತುದಿಗಳಲ್ಲಿ ಮೊದಲೇ ಸಣ್ಣ ರಂಧ್ರ ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ. ಮೂರನೆಯದು ಹಿತ್ತಾಳೆ ಬೆಸುಗೆ. ಇಲ್ಲಿ ಬೀಡು ಕರಗುವುದೇ ಇಲ್ಲ. ಸುಮಾರು 900 ಡಿಗ್ರಿಗಳಲ್ಲಿ ಕರಗಿದ ಹಿತ್ತಾಳೆಯ ಕಡ್ಡಿ ಸ್ವಚ್ಛವಾದ ಮೈಗೆ ಅಂಟಿ ಹಿಡಿಯುತ್ತದೆ. ಕಟಕಟೆಯ ಹೂಬಳ್ಳಿ ಮತ್ತು ಹೊಲಿಗೆ ಯಂತ್ರದ ಕಾಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹಿತ್ತಾಳೆಯೂ ಕಬ್ಬಿಣವೂ ಕೂಡಿದಲ್ಲಿ ಉಪ್ಪುನೀರು ಬಿದ್ದರೆ ಕಬ್ಬಿಣ ಬೇಗನೆ ಸವೆಯುವುದರಿಂದ, ಹೊರಗಿನ ಕೆಲಸದಲ್ಲಿ ಬಣ್ಣದ ಹೊದಿಕೆ ಹರಿಯದಂತೆ ನೋಡಿಕೊಳ್ಳಬೇಕು. ಬೆಂಕಿಯನ್ನೇ ಬಳಸದೆ, ಬಿರುಕಿನ ಉದ್ದಕ್ಕೆ ರಂಧ್ರ ಕೊರೆದು ಲೋಹದ ಮೊಳೆ-ಬೀಗಗಳನ್ನು ಕೂರಿಸಿ ಹೊಲಿಯುವ ಪದ್ಧತಿಯೂ ಇದ್ದು, ಪಾರಂಪರಿಕ ಕಟ್ಟಡದ ಭಾರ ಹೊರುವ ಕಂಬಗಳಿಗೆ ಅದನ್ನು ತಜ್ಞರ ಮೂಲಕ ಆಲೋಚಿಸುವುದು ಯುಕ್ತ.

ಹೋಟೆಲಿನ ಸ್ಟೀಲು

ಮುಂಬಯಿಯ ಕನ್ನಡಿಗರ ಬದುಕಿನಲ್ಲಿ ಹೋಟೆಲಿಗೆ ದೊಡ್ಡ ಸ್ಥಾನವಿದೆ. ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರಾದದ್ದು. ಅಂಥ ಅನೇಕ ಅಡುಗೆಮನೆಗಳು ಇಂದು ಸ್ಟೀಲಿನ ಮೇಲೆ ನಿಂತಿವೆ. ಸಾಂಬಾರಿನ ಹಂಡೆ, ಇಡ್ಲಿಯ ಹಬೆಪೆಟ್ಟಿಗೆ, ತೊಳೆಯುವ ತೊಟ್ಟಿ ಇವು ಸೋರಿದಾಗ ಹತ್ತಿರದ ಗ್ರಿಲ್ ಅಂಗಡಿಗೆ ಒಯ್ಯುವುದು ಸುಲಭ. ಆದರೆ ಆ ಅಂಗಡಿಯ ಕಡ್ಡಿ ಇದಕ್ಕೆ ಸಲ್ಲುವುದಿಲ್ಲ.

ಉತ್ತಮ ಸ್ಟೀಲಿನಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, ಶೇಕಡಾ 8 ನಿಕ್ಕಲ್ ಇರುತ್ತವೆ. ತುಕ್ಕನ್ನು ತಡೆಯುವುದು ಕ್ರೋಮಿಯಂ. ಸ್ಟೀಲು 450ರಿಂದ 850 ಡಿಗ್ರಿಗಳ ನಡುವೆ ಬಹಳ ಹೊತ್ತು ನಿಂತರೆ ಕ್ರೋಮಿಯಂ ಇಂಗಾಲದೊಡನೆ ಕೂಡಿಕೊಂಡು, ಲೋಹದ ಹರಳುಗಳ ಅಂಚಿನಲ್ಲಿ ಕೊರತೆಯುಂಟಾಗುತ್ತದೆ. ಹುಣಸೆಹುಳಿ ಮತ್ತು ಉಪ್ಪು ಆ ಅಂಚನ್ನೇ ಹುಡುಕಿ ಕೊರೆಯುತ್ತವೆ. ಬೆಸುಗೆಗೆ ಸಮಾನಾಂತರವಾಗಿ, ಸ್ವಲ್ಪ ದೂರದಲ್ಲಿ, ಗೆರೆ ಎಳೆದಂತೆ ಸೋರುವ ಹಂಡೆಯ ಕಥೆ ಇದು. ಅನಿಲ ಜ್ವಾಲೆ ನಿಧಾನವಾಗಿ ಅಗಲವಾಗಿ ಕಾಯಿಸುವುದರಿಂದ ಸ್ಟೀಲಿಗೆ ಅದು ತಕ್ಕುದಲ್ಲ. ಟಂಗ್‌ಸ್ಟನ್ ಸೂಜಿ ಮತ್ತು ಆರ್ಗಾನ್ ಅನಿಲದ ಟಿಗ್ ವಿಧಾನವು ಕಿರಿದಾದ ಜಾಗವನ್ನು ಬೇಗನೆ ಕಾಯಿಸಿ ಮುಗಿಸುವುದರಿಂದ ಅದನ್ನೇ ಆರಿಸಬೇಕು. ಪೂರಕ ತಂತಿ ಇಂಗಾಲ ಕಡಿಮೆಯಿರುವ 308 ಎಲ್ ಬಗೆಯದಾಗಿರಲಿ. ಕಬ್ಬಿಣದ ತಂತಿಯ ಬ್ರಷ್ಷಿನಿಂದ ಸ್ಟೀಲನ್ನು ಉಜ್ಜಬಾರದು. ಅದರ ಸಣ್ಣ ಕಣಗಳು ಅಂಟಿಕೊಂಡು ಮರುವಾರವೇ ಕಂದು ಕಲೆಗಳಾಗುತ್ತವೆ. ಆಹಾರ ಇಡುವ ಪಾತ್ರೆಯ ಸೋರಿಕೆಗೆ ಸೀಸ ಬೆರೆತ ಮೆದು ಬೆಸುಗೆಯನ್ನು ಎಂದಿಗೂ ಬಳಸಕೂಡದು.

ಹಳಿಯ ಬೆಸುಗೆ

ಆಯ್ಕೆಯ ವಿಚಾರ ಎಷ್ಟು ಗಂಭೀರವಾದುದು ಎಂಬುದನ್ನು ಮುಂಬಯಿಯ ಜನ ದಿನವೂ ಕಾಲ ಕೆಳಗೆ ಹೊತ್ತು ಪಯಣಿಸುತ್ತಾರೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ 34 ಕಿಲೋಮೀಟರ್ ಓಡಿದಾಗ ಹಳಿಗಳನ್ನು ಬೆಸೆಯುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ವಿದ್ಯುತ್ ಗಾಡಿ ಆರಂಭವಾಯಿತು. ಇಂದು ಉಪನಗರ ಗಾಡಿಗಳಲ್ಲಿ ದಿನಕ್ಕೆ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಸಂಚರಿಸುತ್ತಾರೆ. ಬೋಲ್ಟು ಹಾಕಿ ಕೂಡಿಸಿದ ಹಳಿಯ ತುದಿ ಪ್ರತಿ ಚಕ್ರದ ಪೆಟ್ಟಿಗೂ ಜಜ್ಜಿಹೋಗುವುದರಿಂದ ಈಗ ಹಳಿಗಳನ್ನು ಬೆಸೆದು ಉದ್ದುದ್ದಕ್ಕೆ ಹಾಸುತ್ತಾರೆ.

ಹಳಿಯ ಉಕ್ಕಿನಲ್ಲಿ ಇಂಗಾಲ ಶೇಕಡಾ 0.6ರಿಂದ 0.8ರವರೆಗೆ ಇರುತ್ತದೆ, ಸವೆತವನ್ನು ತಡೆಯಲು ಅದು ಬೇಕು. ಗ್ರಿಲ್ಲಿಗೆ ಹಾಕುವಂತೆ ಇದಕ್ಕೆ ಸುಮ್ಮನೆ ಚಾಪದ ಬೆಸುಗೆ ಹಾಕಿದರೆ ಪಕ್ಕದ ವಲಯ ಗಾಜಿನಂತಾಗುತ್ತದೆ. ಅದಕ್ಕಾಗಿ ಎರಡು ಬೇರೆ ವಿಧಾನಗಳಿವೆ. ಒಂದರಲ್ಲಿ ಎರಡು ಹಳಿಗಳ ತುದಿಗಳ ನಡುವೆ ಭಾರಿ ವಿದ್ಯುತ್ತನ್ನು ಹಾಯಿಸಿ, ಅವು ಕಿಡಿಯುಗುಳುತ್ತಾ ಕಾದಾಗ ಯಂತ್ರವು ಒಂದಕ್ಕೊಂದು ಬಲವಾಗಿ ಒತ್ತಿ ಕೂಡಿಸುತ್ತದೆ. ಹೊರಗಿನ ಲೋಹ ಸೇರುವುದಿಲ್ಲ. ಕೀಲು ಹಳಿಯಷ್ಟೇ ನಂಬಿಕೆಗೆ ಅರ್ಹ. ಇದನ್ನು ಫ್ಲ್ಯಾಷ್ ಬಟ್ ಬೆಸುಗೆ ಎನ್ನುತ್ತಾರೆ. ಇನ್ನೊಂದು ಥರ್ಮಿಟ್ ಬೆಸುಗೆ. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ 1895ರಲ್ಲಿ ಹಕ್ಕುಪತ್ರ ಪಡೆದ ರಾಸಾಯನಿಕ ಕ್ರಿಯೆಯೇ ಇದರ ಮೂಲ. 1899ರಲ್ಲಿ ಎಸೆನ್ ನಗರದ ಟ್ರಾಮ್ ಹಳಿಗಳಿಗೆ ಅದನ್ನು ಮೊದಲು ಬಳಸಲಾಯಿತು. ಕಬ್ಬಿಣದ ಆಕ್ಸೈಡು ಮತ್ತು ಅಲ್ಯೂಮಿನಿಯಂ ಪುಡಿಯನ್ನು ಮೂಸೆಯಲ್ಲಿ ಹೊತ್ತಿಸಿದರೆ ಅಲ್ಯೂಮಿನಿಯಂ ಆಮ್ಲಜನಕವನ್ನು ಕಸಿದುಕೊಂಡು, ಕೆಲವೇ ಸೆಕೆಂಡುಗಳಲ್ಲಿ 2,000 ಡಿಗ್ರಿಗೂ ಮಿಕ್ಕ ಉಷ್ಣತೆಯ ಕರಗಿದ ಉಕ್ಕು ತಳಕ್ಕಿಳಿಯುತ್ತದೆ. ಹಳಿಗಳ ನಡುವಿನ ಸುಮಾರು ಒಂದು ಅಂಗುಲದ ಸಂದಿಯ ಸುತ್ತ ಅಚ್ಚು ಕಟ್ಟಿ, ತುದಿಗಳನ್ನು ಮೊದಲೇ ಸುಮಾರು 600 ಡಿಗ್ರಿಗೆ ಕಾಯಿಸಿ, ಈ ಉಕ್ಕನ್ನು ಅಚ್ಚಿಗೆ ಸುರಿಯುತ್ತಾರೆ.

ಬಲದಲ್ಲಿ ಫ್ಲ್ಯಾಷ್ ಬಟ್ ಮೇಲು; ಥರ್ಮಿಟ್ ಕೀಲು ಎರಕದ ಗುಣದ್ದು, ದೋಷ ಉಳಿಯುವ ಸಂಭವ ಹೆಚ್ಚು. ಹಾಗಿದ್ದರೂ ಥರ್ಮಿಟ್ ಏಕೆ ಉಳಿದಿದೆ? ಕಡೆಯ ಲೋಕಲ್ ಗಾಡಿ ಹೋದ ಬಳಿಕ ನಸುಕಿನ ಮೊದಲ ಗಾಡಿ ಬರುವ ತನಕ, ಅಥವಾ ಭಾನುವಾರದ ಮೆಗಾ ಬ್ಲಾಕಿನಲ್ಲಿ, ದೊರೆಯುವುದು ಕೆಲವೇ ಗಂಟೆಗಳು. ಅಷ್ಟರಲ್ಲಿ, ಎಲ್ಲೋ ಒಂದೆಡೆ ಬಿರಿದ ಹಳಿಯ ಬಳಿಗೆ, ಕೈಯಲ್ಲಿ ಹೊರಬಹುದಾದ ಸಲಕರಣೆಗಳಿಂದ, ವಿದ್ಯುತ್ ಸಂಪರ್ಕದ ಹಂಗಿಲ್ಲದೆ ಮಾಡಬಹುದಾದ ಕೆಲಸ ಅದು. ಹೀಗಾಗಿ ಹೊಸ ಹಳಿಯನ್ನು ಕಾರ್ಯಾಗಾರದಲ್ಲಿಯೋ ಸಂಚಾರಿ ಯಂತ್ರದಿಂದಲೋ ಫ್ಲ್ಯಾಷ್ ಬಟ್ ವಿಧಾನದಲ್ಲಿ ಬೆಸೆಯುತ್ತಾರೆ. ತುರ್ತಿನ ದುರಸ್ತಿಗೆ ಥರ್ಮಿಟ್ ಆರಿಸಿ, ಅದರ ಕೊರತೆಯನ್ನು ಬೇರೆ ರೀತಿಯಲ್ಲಿ ತುಂಬುತ್ತಾರೆ: ಕೀಲನ್ನು ಶ್ರವಣಾತೀತ ಧ್ವನಿತರಂಗಗಳಿಂದ ಪರೀಕ್ಷಿಸುತ್ತಾರೆ, ಸಂಶಯವಿದ್ದಲ್ಲಿ ಬೆಸುಗೆಯ ಉಬ್ಬಿಗೆ ಹೊಂದುವಂತೆ ಬಾಗಿಸಿದ ಫಿಶ್‌ಪ್ಲೇಟನ್ನು ಎರಡೂ ಬದಿಗೆ ಬಿಗಿಯುತ್ತಾರೆ. ಒದ್ದೆ ಅಚ್ಚಿಗೆ ಕರಗಿದ ಉಕ್ಕು ಬಿದ್ದರೆ ನೀರು ಹಬೆಯಾಗಿ ಸಿಡಿಯುವುದರಿಂದ ಮಳೆಯಲ್ಲಿ ಈ ಕೆಲಸ ಅಪಾಯಕರ. ಚಳಿಗಾಲದ ನಸುಕಿನಲ್ಲಿ ಹಳಿ ಬಿರಿದು ಗಾಡಿಗಳು ತಡವಾಗುವುದು ಪ್ರಯಾಣಿಕರಿಗೆ ಗೊತ್ತಿರುವ ಸಂಗತಿಯೇ. ಒಂದು ಕಿಲೋಮೀಟರ್ ಉದ್ದದ ಹಳಿ 20 ಡಿಗ್ರಿ ತಣಿದರೆ ಸುಮಾರು 23 ಸೆಂಟಿಮೀಟರ್ ಕುಗ್ಗಬಯಸುತ್ತದೆ. ಹಿಡಿಗಳು ಬಿಗಿಯಾಗಿ ಕಚ್ಚಿರುವುದರಿಂದ ಕುಗ್ಗಲಾರದು. ಆ ಬಯಕೆಯೆಲ್ಲ ಎಳೆತವಾಗಿ ಉಕ್ಕಿನೊಳಗೆ ನಿಂತು, ಎಲ್ಲಿ ದುರ್ಬಲ ಕೀಲಿದೆಯೋ ಅಲ್ಲಿ ಹೊರಬೀಳುತ್ತದೆ.

ಬೆಸೆಯಬಾರದ ಕಡೆಗಳು

ವಾಹನದ ಸ್ಪ್ರಿಂಗ್ ಪಟ್ಟಿ, ಹೆಚ್ಚು ಬಲದ ಬೋಲ್ಟು, ಭಾರ ಎತ್ತುವ ಕೊಕ್ಕೆ ಇವುಗಳನ್ನು ಬೆಸೆಯದೆ ಬದಲಾಯಿಸಬೇಕು. ಕಾಂಕ್ರೀಟಿನ ತಿರುಚಿದ ಹಳೆಯ ಸರಳುಗಳ ಬಲ ತಣ್ಣನೆಯ ತಿರುಚುವಿಕೆಯಿಂದ ಬಂದದ್ದು. ಬೆಂಕಿ ತಗುಲಿದಲ್ಲಿ ಅದು ಹೊರಟುಹೋಗುತ್ತದೆ. ಹಳೆಯ ಚಾಳುಗಳ ತೊಲೆಗೆ ಪಟ್ಟಿ ಬೆಸೆಯುವಾಗ ತೊಲೆಯ ಕೆಳಗೆ ಮೊದಲು ಆನಿಕೆ ಕೊಡಬೇಕು, ಏಕೆಂದರೆ 600 ಡಿಗ್ರಿ ಸಮೀಪ ಕಾದ ಉಕ್ಕಿನಲ್ಲಿ ಅರ್ಧದಷ್ಟು ಬಲವೂ ಉಳಿದಿರುವುದಿಲ್ಲ. ಬ್ರಿಟಿಷರ ಕಾಲದ ಮೆದು ಕಬ್ಬಿಣದ ತೊಲೆಯಲ್ಲಿ ಕಿಟ್ಟದ ಪದರಗಳಿರುತ್ತವೆ. ಮೈಗೆ ಬೆಸೆದ ಬ್ರಾಕೆಟ್ಟು ಮೇಲಿನ ಪದರವನ್ನೇ ಸುಲಿದುಕೊಂಡು ಕಳಚಬಹುದು. ಅಲ್ಲಿ ಬೋಲ್ಟೇ ಸರಿ.

ಸತುಲೇಪಿತ ಕೊಳವೆಯನ್ನು ಹಾಗೆಯೇ ಬೆಸೆದರೆ ಸತು ಆವಿಯಾಗಿ ಬಿಳಿಯ ಹೊಗೆಯೇಳುತ್ತದೆ. ಅದನ್ನು ಉಸಿರಾಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುವುದುಂಟು. ಲೇಪನವನ್ನು ಅರದಿಂದ ತೆಗೆದು, ಗಾಳಿಯಾಡುವ ಕಡೆ ಬೆಸೆದು, ಮತ್ತೆ ಸತುವಿನ ಬಣ್ಣ ಬಳಿಯಬೇಕು. ಸೀಮೆಎಣ್ಣೆ, ಪೆಟ್ರೋಲು ಅಥವಾ ಬಣ್ಣ ಇದ್ದ ಖಾಲಿ ಪೀಪಾಯಿ ಇನ್ನೂ ಅಪಾಯಕರ; ವಾಸನೆ ಹೋಗಿದ್ದರೂ ಒಳಗಿನ ಆವಿ ಸಿಡಿಯಬಲ್ಲದು. ಬೆಸುಗೆ ಯಂತ್ರದ ಕಡ್ಡಿಯಲ್ಲಿ ಚಾಪ ಹೊತ್ತುವ ಮುನ್ನ ಸಾಮಾನ್ಯವಾಗಿ 60ರಿಂದ 80 ವೋಲ್ಟುಗಳಿರುತ್ತವೆ. ಒಣ ಕೈಗೆ ಅದು ಅಲ್ಪವೆನಿಸಿದರೂ ಮಳೆಯಲ್ಲಿ ನೆನೆದ ಬಟ್ಟೆ, ಬರಿಗಾಲು, ಒದ್ದೆಯಾದ ಗಚ್ಚಿನ ಮೇಲೆ ಪ್ರಾಣವನ್ನೇ ತೆಗೆಯಬಲ್ಲದು. ಮಳೆ ಸುರಿಯುತ್ತಿರುವಾಗ ಗಿರಾಕಿ ಅವಸರಪಡಿಸಿದರೂ ಕೆಲಸ ನಿಲ್ಲಿಸುವ ಬೆಸುಗೆಗಾರನನ್ನು ಸೋಮಾರಿಯೆಂದು ತಿಳಿಯಬಾರದು.

ಬೆಸುಗೆಗಾರನಲ್ಲಿ ಕೇಳಬೇಕಾದುದು

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬೆಸುಗೆಯ ಒಂದು ವರ್ಷದ ಶಿಕ್ಷಣವಿದೆ. ಅಲ್ಲಿ ಕಲಿತವರೂ, ಗುರುವಿನ ಪಕ್ಕದಲ್ಲಿ ಕೂತು ಕಲಿತವರೂ ನಗರದಲ್ಲಿ ಇದ್ದಾರೆ. ಇಬ್ಬರಲ್ಲೂ ಒಳ್ಳೆಯ ಕೈಗಳುಂಟು. ಪ್ರಮಾಣಪತ್ರಕ್ಕಿಂತ ಮೊದಲು ಗಿರಾಕಿಯು ಗಮನಿಸಬೇಕಾದುದು ಬೆಸುಗೆಗಾರನು ವಸ್ತುವನ್ನು ನೋಡುವ ರೀತಿಯನ್ನು. ಕಡ್ಡಿ ಹಿಡಿಯುವ ಮುನ್ನ ಅರ ಅಥವಾ ಅಯಸ್ಕಾಂತವನ್ನು ಕೈಗೆತ್ತಿಕೊಂಡವನು, ಮುರಿದ ಮೈಯನ್ನು ಬೆಳಕಿಗೆ ಹಿಡಿದವನು, ಬಣ್ಣವನ್ನೂ ತುಕ್ಕನ್ನೂ ಕೆರೆದು ಹೊಳೆಯುವ ಲೋಹ ಕಂಡ ಮೇಲೆಯೇ ಕೆಲಸಕ್ಕೆ ತೊಡಗಿದವನು ಸಾಮಾನ್ಯವಾಗಿ ನಂಬತಕ್ಕವನು. ಯಾವ ಕಡ್ಡಿ, ಏಕೆ ಎಂದು ಕೇಳಿದರೆ ಅವನು ಬೇಸರಪಡುವುದಿಲ್ಲ.

ಕೆಲಸ ಮುಗಿದಾಗ ಬಣ್ಣ ಬಳಿಯುವುದಕ್ಕೆ ಮೊದಲೇ ನೋಡಿಕೊಳ್ಳಬೇಕು. ಕಿಟ್ಟ ತೆಗೆದ ಬೆಸುಗೆ ಸಮನಾದ ಅಲೆಅಲೆಯಾಗಿ, ಎರಡೂ ಕಡೆಯ ಲೋಹದಲ್ಲಿ ನುಣುಪಾಗಿ ಬೆರೆತಿರಬೇಕು. ಸೂಜಿಮೊನೆಯಷ್ಟು ರಂಧ್ರವಾಗಲಿ ಅಂಚಿನಲ್ಲಿ ತೋಡಾಗಲಿ ಇದ್ದರೆ ಅಲ್ಲಿಯೇ ಉಜ್ಜಿಸಿ ಮತ್ತೆ ತುಂಬಿಸಬೇಕು. ಮುಂದಿನ ವರ್ಷ, ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುನ್ನ ಅದೇ ಕೀಲನ್ನು ಇನ್ನೊಮ್ಮೆ ನೋಡಬೇಕು. ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ಅದು ಬಣ್ಣದ ದೋಷವಲ್ಲ, ಅಡಿಯಲ್ಲಿ ಬಿರುಕು ಬಾಯಿ ತೆರೆದು ತುಕ್ಕನ್ನು ಹೊರಹಾಕುತ್ತಿರುವ ಗುರುತು. ಅಂಥ ಗ್ರಿಲ್ಲಿಗೆ ಬಣ್ಣದವನನ್ನಲ್ಲ, ಬೆಸುಗೆಗಾರನನ್ನು ಕರೆಯಬೇಕು.